ಫೋನಿನ ವಿಷಯದಲ್ಲಿ ಶಾಲೆ, ಮನೆ ಒಂದೇ ಮಾತಾಡಲಿ

ನಮ್ಮ ಶಿಡ್ಲಘಟ್ಟದ ಕಡೆ ಪೋಷಕರ ಸಭೆ ಅಂದರೆ ಈಗ ಅರ್ಧ ಹೊತ್ತು ಫೋನಿನ ಪಂಚಾಯ್ತಿಯೇ. "ನಾವು ಹೇಳಿದ್ರೆ ಕೇಳಲ್ಲ ಸಾರ್, ನೀವೇ ಸ್ವಲ್ಪ ಗದರಿಸಿ" ಅಂತ ಅಪ್ಪ ಅಮ್ಮ ಎದ್ದು ನಿಲ್ಲುತ್ತಾರೆ. "ಫೋನು ಕೈಗೆ ಕೊಟ್ಟವರು ನೀವು ತಾನೇ, ನಾವೇನು ಮಾಡೋಕಾಗುತ್ತೆ" ಅಂತ ಮೇಷ್ಟ್ರು ಕೈ ಚೆಲ್ಲುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗ ಇಬ್ಬರ ಮಧ್ಯೆ ತಲೆ ತಗ್ಗಿಸಿ ನಿಂತಿರುತ್ತಾನೆ. ಸಹಿ ಹಾಕಿ ಎಲ್ಲರೂ ಮನೆಗೆ. ಅವತ್ತೇ ರಾತ್ರಿ ಎಂಟೂವರೆಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಗಣಿತದ ಹೋಂವರ್ಕ್ ಬರುತ್ತದೆ. ಹುಡುಗ ಅಮ್ಮನ ಕೈಯಿಂದ ಫೋನು ಇಸ್ಕೊಳ್ಳುತ್ತಾನೆ.

"ಹೋಂವರ್ಕ್ ನೋಡ್ತಿದ್ದೀನಿ ಅಮ್ಮ" ಅಂದರೆ ಯಾವ ತಾಯಿ ಏನು ಹೇಳಬೇಕು? ಗ್ರೂಪಿನಲ್ಲಿ ಹೋಂವರ್ಕ್ ಬಂದಿರುವುದು ನಿಜ. ಬೆರಳು ಒಂದು ಸಲ ಸರಿಸಿದರೆ ರೀಲ್ಸ್ ಇರುವುದೂ ನಿಜ. ತಪ್ಪು ಮೇಷ್ಟ್ರದ್ದಾ, ಅಪ್ಪ ಅಮ್ಮಂದಾ ಅಂತ ಹಂಚಿಕೊಂಡು ಕೂತರೆ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಈ ಅಭ್ಯಾಸ ಶುರುವಾಗಿದ್ದು 2020ರಲ್ಲಿ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಪಾಠ ಫೋನಿಗೆ ಬಂತು. ಸಾಲ ಮಾಡಿ, ಕುರಿ ಮಾರಿ ಫೋನು ತಂದವರು ನಮ್ಮ ಊರಲ್ಲೇ ಇದ್ದಾರೆ. ಆಗ ಬೇರೆ ದಾರಿ ಇರಲಿಲ್ಲ. ಆದರೆ ಶಾಲೆ ತೆರೆದ ಮೇಲೂ ಹೋಂವರ್ಕ್ ಮಾತ್ರ ಫೋನಿನಲ್ಲೇ ಉಳಿದುಬಿಟ್ಟಿತು. ಹಳ್ಳಿ ಮಕ್ಕಳ ಓದಿನ ಸಮೀಕ್ಷೆ ಮಾಡುವ ಅಸರ್‌ನ 2024ರ ವರದಿ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ಕೇಳಿತ್ತು. 100ರಲ್ಲಿ 82 ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ಹಾಗೆ ಗೊತ್ತಿರುವವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು 57%, ಸೋಷಿಯಲ್ ಮೀಡಿಯಾಗೆ ಬಳಸಿದವರು 76%. ಹಳ್ಳಿ ಮಕ್ಕಳಿಗೆ ಇದೆಲ್ಲ ಎಲ್ಲಿ ಅಂತ ಇನ್ನೂ ಅಂದುಕೊಂಡಿರುವವರು ಈ ಲೆಕ್ಕ ನೋಡಬೇಕು.

"ಫೋನು ಕೊಡಲೇಬೇಡಿ" ಅನ್ನುವವರಿಗೆ ನಮ್ಮ ಮನೆಗಳ ಸ್ಥಿತಿ ಗೊತ್ತಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಸೊಪ್ಪು ತಿನ್ನುವ ರಭಸ ನೋಡಿದ್ದೀರಾ? ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಖಾಲಿಯಾಗುವುದು ಆ ಒಂದು ವಾರದಲ್ಲೇ. ತೊಟ್ಟಿಯ ಹತ್ತಿರ ನಿಂತರೆ ಹುಳು ಸೊಪ್ಪು ಕಡಿಯುವ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತದೆ. ಬೆಳಗಿನ ಜಾವ ಸೊಪ್ಪು ಕೊಯ್ಯಬೇಕು. ರಾತ್ರಿ ಕೊನೆ ಮೇವು ಹಾಕಿ ಬರುವಷ್ಟರಲ್ಲಿ ಹತ್ತು ಗಂಟೆ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಹುಳು ಮನೆಯಲ್ಲಿ. ಮನೆಯಲ್ಲಿ ಮಗ, ಜೊತೆಗೆ ಫೋನು. ಗೂಡಿನ ರೇಟು ತಿಳಿಯುವುದು ಅದೇ ಫೋನಿನಲ್ಲಿ. ಹಾಲಿನ ದುಡ್ಡು ಬಿದ್ದ ಮೆಸೇಜೂ ಅದಕ್ಕೇ. ನರಸಾಪುರ, ವೇಮಗಲ್ ಕಡೆಯ ಕಂಪನಿಗಳಿಗೆ ಸೆಕೆಂಡ್ ಶಿಫ್ಟ್ ಹೋಗುವ ಅಮ್ಮಂದಿರಿಗೂ ಇದೇ ಕಷ್ಟ. ಮಗಳು ಮನೆ ಸೇರಿದಳಾ ಅಂತ ಕೇಳಲಾದರೂ ಮನೆಯಲ್ಲಿ ಒಂದು ಫೋನು ಇರಲೇಬೇಕು.

ಹಾಗಾಗಿ ನಾನು ಶಾಲೆಯವರನ್ನು ಕೇಳುವುದು ಒಂದೇ. ಹೋಂವರ್ಕ್ ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳು ಡೈರಿಗೆ ಇಳಿಸಿಕೊಳ್ಳಲಿ. ಗ್ರೂಪು ರಜೆ, ಸಭೆ, ಪರೀಕ್ಷೆ ವಿಷಯಕ್ಕೆ ಮಾತ್ರ ಇರಲಿ. ವಿಡಿಯೋ ಪಾಠ ತೋರಿಸಲೇಬೇಕು ಅಂದರೆ ಶಾಲೆಯಲ್ಲೇ ತೋರಿಸಿ. ರಾತ್ರಿ ಫೋನು ಮುಟ್ಟಲು ಓದಿನ ನೆಪ ಇಲ್ಲ ಅಂದರೆ ಮನೆಯವರ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅದಕ್ಕೆ ಬದಲಾಗಿ ಮನೆಯವರು ರಾತ್ರಿ ನಿದ್ದೆ ಕಾಯಬೇಕು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತು ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ಅದು ಮಕ್ಕಳ ಸೋಮಾರಿತನ ಅಲ್ಲ. ಅದರ ಮೇಲೆ ಹಾಸಿಗೆಗೆ ಫೋನೂ ಬಂದರೆ ಹನ್ನೆರಡು, ಒಂದು ಗಂಟೆ ಆಗುವುದು ಗೊತ್ತೇ ಆಗುವುದಿಲ್ಲ. ಮಲಗುವಾಗ ಫೋನು ಅಡುಗೆಮನೆಯ ಪ್ಲಗ್ಗಿನಲ್ಲಿ ಚಾರ್ಜಿಗೆ ಇರಲಿ. ಅಪ್ಪನ ಫೋನೂ ಅಲ್ಲೇ ಇರಬೇಕು. ಅಪ್ಪ ಕಂಬಳಿ ಹೊದ್ದು ಯೂಟ್ಯೂಬ್ ನೋಡುತ್ತಾ ಮಗನಿಗೆ ಮಲಗು ಅಂದರೆ ಅವನು ಯಾಕೆ ಕೇಳುತ್ತಾನೆ?

ಇದನ್ನು ಒಂದು ಮನೆ ಒಂಟಿಯಾಗಿ ಮಾಡುವುದು ಭಾರೀ ಕಷ್ಟ. "ನಮ್ ಕ್ಲಾಸಲ್ಲಿ ಎಲ್ಲರಿಗೂ ಕೊಡ್ತಾರೆ, ನಂಗೊಬ್ಬಳಿಗೇ ಇಲ್ಲ" ಅಂತ ಮಗಳು ಅತ್ತರೆ ಎಂಥ ತಾಯಿಯೂ ಕರಗುತ್ತಾಳೆ. ಆ ಮಾತಿನಲ್ಲಿ ಸತ್ಯವೂ ಇದೆ. ಗೆಳತಿಯರೆಲ್ಲ ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ ಹರಟುವಾಗ ಒಬ್ಬಳನ್ನೇ ಹೊರಗಿಟ್ಟರೆ ಮಗುವಿಗೆ ನೋವಾಗುತ್ತದೆ. ಇಲ್ಲೇ ಶಾಲೆ ಬೇಕಾಗುವುದು. ಒಂದು ಕ್ಲಾಸಿನ ಎಲ್ಲ ಮನೆಯವರನ್ನೂ ಒಟ್ಟಿಗೆ ಕೂರಿಸುವ ಶಕ್ತಿ ಇರುವುದು ಶಾಲೆಗೆ ಮಾತ್ರ. ಮಕ್ಕಳನ್ನೂ ಜೊತೆಗೆ ಕೂರಿಸಿ ರಾತ್ರಿ ಎಷ್ಟು ಗಂಟೆಗೆ ಫೋನು ಇಡುವುದು ಅಂತ ಅವರ ಬಾಯಿಂದಲೇ ಕೇಳಿ, ಎಲ್ಲ ಮನೆಗೂ ಒಂದೇ ಹೊತ್ತು ಗೊತ್ತು ಮಾಡಲಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಅನ್ನುವ ಹಳ್ಳಿಯಲ್ಲಿ 2022ರಲ್ಲಿ ಹೀಗೇ ಶುರು ಮಾಡಿದರು. ಸಂಜೆ ಏಳಕ್ಕೆ ಸೈರನ್. ಒಂದೂವರೆ ಗಂಟೆ ಟಿವಿ, ಫೋನು ಎಲ್ಲ ಬಂದ್. ಊರಿಗೆ ಊರೇ ಬಂದ್ ಮಾಡಿದಾಗ ನನಗೊಬ್ಬನಿಗೇ ಇಲ್ಲ ಅನ್ನುವ ಮಾತೇ ಬರುವುದಿಲ್ಲ ಅಲ್ವಾ?

ಇನ್ನೊಂದು ವಿಷಯ ಇದೆ, ನನಗೆ ಇದು ಎಲ್ಲಕ್ಕಿಂತ ದೊಡ್ಡದು. ಫೋನಿನಲ್ಲಿ ಏನಾದರೂ ಕೆಟ್ಟದ್ದು ಆದರೆ ನಮ್ಮ ಹೆಣ್ಣುಮಕ್ಕಳು ಯಾರಿಗೆ ಹೇಳುತ್ತಾರೆ? ಯಾರೋ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದಾನೆ ಅಂತ ಮನೆಯಲ್ಲಿ ಬಾಯಿ ಬಿಟ್ಟರೆ ಮೊದಲು ಹೋಗುವುದು ಫೋನು, ಆಮೇಲೆ ಶಾಲೆ. "ಓದಿದ್ದು ಸಾಕು, ಗಂಡು ನೋಡೋಣ" ಅನ್ನುವ ಮಾತು ನಮ್ಮ ಕಡೆ ಇನ್ನೂ ಸತ್ತಿಲ್ಲ. ಆ ಭಯಕ್ಕೇ ಹುಡುಗಿ ಸುಮ್ಮನಿರುತ್ತಾಳೆ. ಹೆದರಿಸುವವನಿಗೆ ಬೇಕಾಗಿರುವುದೂ ಅದೇ. ಗಂಡುಮಕ್ಕಳು ಗೇಮಿನಲ್ಲಿ ಅಪ್ಪನ ದುಡ್ಡು ಕಳೆದುಕೊಂಡಾಗಲೂ ಹೀಗೇ ಮುಚ್ಚಿಡುತ್ತಾರೆ. ನಿಜ ಹೇಳಿದ ಮಗುವಿಗೆ ಹೊಡೆಯುವುದಿಲ್ಲ, ಓದು ಬಿಡಿಸುವುದಿಲ್ಲ ಅಂತ ಅಪ್ಪ ಅಮ್ಮ ಸಭೆಯಲ್ಲಿ ಎಲ್ಲರ ಮುಂದೆ ಹೇಳಬೇಕು. ಪ್ರತಿ ಶಾಲೆಯಲ್ಲೂ ಮಕ್ಕಳು ನಂಬುವ ಒಬ್ಬ ಮಿಸ್ ಇರಬೇಕು. ಸೈಬರ್ ಮೋಸಕ್ಕೆ 1930, ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಇವು ಗೋಡೆ ಮೇಲೆ ದೊಡ್ಡದಾಗಿ ಕಾಣಲಿ. ಫೋನು ಬಿಡಲು ಆಗದೇ ಒದ್ದಾಡುವ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಶಟ್ ಕ್ಲಿನಿಕ್ ಇದೆ. ಶಿಡ್ಲಘಟ್ಟದಿಂದ ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು.

ಮೇಷ್ಟ್ರಿಗೆ ಈಗಲೇ ಕೈ ತುಂಬ ಕೆಲಸ. ಮೊಟ್ಟೆ ಹಂಚುವುದು, ಆನ್‌ಲೈನ್ ಎಂಟ್ರಿ, ಸಮೀಕ್ಷೆ. 2025ರ ಸಮೀಕ್ಷೆಗೆ ದಸರಾ ರಜೆಯಲ್ಲೂ ಮನೆಮನೆ ಸುತ್ತಿದರು. ಅವರ ತಲೆ ಮೇಲೆ ಇನ್ನೊಂದು ಕಾರ್ಯಕ್ರಮ ಹೊರಿಸಿ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಗ್ರೂಪು ಬಂದ್ ಆದರೆ ಅವರಿಗೂ ಮನೆಯವರ ಜೊತೆ ಊಟ ಮಾಡಲು ಹೊತ್ತು ಸಿಗುತ್ತದೆ. ಹತ್ತು ಗಂಟೆಗೆ ಫೋನು ಮಾಡಿ ಮಾರ್ಕ್ಸ್ ಕೇಳುವ ಪೋಷಕರೂ ಆ ಅಭ್ಯಾಸ ಬಿಡಬೇಕು.

ಶಾಲೆಯ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಈ ಮಾತು ಇಡೋಣ ಅಂತ ನಮ್ಮ ಬೀದಿಯ ಕೆಲವು ಮನೆಯವರು ಮಾತಾಡಿಕೊಂಡಿದ್ದೇವೆ. ರಾತ್ರಿ ಒಂಬತ್ತಕ್ಕೆ ಫೋನು ಇಡುವುದು ಅಂತ ಅಂದುಕೊಂಡಿದ್ದೇವೆ. ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುವ ವಾರ ದೊಡ್ಡವರು ಮನೆಗೆ ಬರುವುದೇ ತಡ. ಆ ವಾರ ಬೆಳೆ ಇಲ್ಲದ ಪಕ್ಕದ ಮನೆಯವರು ಆ ಮಕ್ಕಳನ್ನೂ ಕರೆದು ಕೂರಿಸಿಕೊಂಡು ಓದಿಸುವುದು ಅಂತಾಗಿದೆ. ಒಪ್ಪಿದವರ ಹೆಸರು ಬರೆದುಕೊಳ್ಳುತ್ತಿದ್ದೇವೆ.