ಮಳೆಗೆ ರದ್ದಾದ ಜರ್ಮನಿ

ಮಳೆ ಬಂದಿತೆಂಬ ಕಾರಣಕ್ಕೆ ಒಂದು ಕಾರ್ಯಕ್ರಮವೇ ರದ್ದಾಗಬಹುದು ಎಂಬುದನ್ನು ಶಿರಸಿಯ ಕಡೆಯವರಿಗೆ ಅರ್ಥ ಮಾಡಿಸುವುದು ಸುಲಭವಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ಕುಮಟಾ ದಾರಿ ಬಂದ್ ಆಗುತ್ತದೆ, ಕರೆಂಟು ಹೋಗುತ್ತದೆ, ಶಾಲೆಗೆ ರಜೆ ಸಿಗುತ್ತದೆ. ಆದರೆ ಶ್ರಾದ್ಧ, ಸತ್ಯನಾರಾಯಣ ವ್ರತ, ಸೊಸೈಟಿಯ ವಾರ್ಷಿಕ ಸಭೆ ಮತ್ತು ಜಗಲಿಯ ತಾಳಮದ್ದಳೆ ಯಾವ ಮಳೆಗೂ ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ಹೀಗಿರುವಾಗ ಉತ್ತರ ಜರ್ಮನಿಯ ಹುಲ್ಲುಗಾವಲೊಂದರಲ್ಲಿ ನಡೆಯಬೇಕಿದ್ದ ಸಂಗೀತೋತ್ಸವ ಮಳೆಯಿಂದಾಗಿ ರದ್ದಾಗಿದೆ, ಆದ್ದರಿಂದ ನಾನೂ ಭಾವನೂ ಹೊರಡುವುದಿಲ್ಲ ಎಂದು ತಿಳಿಸಿದಾಗ, ಆಯಿ ಒಲೆಯ ಮುಂದಿನಿಂದ ಏಳದೆಯೇ ಕೇಳಿದಳು: “ಮಳೆಗಾ? ಕೊಡೆ ಇಲ್ಯಾ ಅವ್ರ ಹತ್ರ?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ಕೇಳುವ ವ್ಯವಧಾನ ಅವಳಿಗಿರಲಿಲ್ಲ. ಅಂಥ ಉತ್ಸವಗಳು ನಡೆಯುವುದು ಸಭಾಭವನದಲ್ಲಲ್ಲ, ದನ ಮೇಯುವ ಬಯಲಿನಲ್ಲಿ. ವೇದಿಕೆಯ ಕಬ್ಬಿಣ, ಜನರೇಟರು, ಆಳೆತ್ತರದ ಸ್ಪೀಕರುಗಳನ್ನು ಹೊತ್ತ ಲಾರಿಗಳು ಆ ಹುಲ್ಲಿನ ಮೇಲೆಯೇ ಬರಬೇಕು. ಬಂದ ಜನ ಅಲ್ಲಿಯೇ ಡೇರೆ ಹಾಕಿ ಮಲಗಬೇಕು. ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಅಲ್ಲಿಗೇ ನುಗ್ಗಬೇಕು. ನೆಲ ಕೆಸರಾದರೆ ಇದರಲ್ಲಿ ಒಂದೂ ಸಾಧ್ಯವಿಲ್ಲ. 2023ರ ಆಗಸ್ಟ್‌ನಲ್ಲಿ ಅದೇ ಸೀಮೆಯ ವಾಕೆನ್ ಎಂಬ ಹಳ್ಳಿಯ ಪ್ರಸಿದ್ಧ ಹೆವಿ ಮೆಟಲ್ ಉತ್ಸವಕ್ಕೆ 85,000 ಜನ ಬರುವವರಿದ್ದಾಗ, ಕೆಸರು ಮಿತಿಮೀರಿತೆಂದು ಸುಮಾರು 50,000 ಜನ ಸೇರಿದ ಮೇಲೆ ಪ್ರವೇಶವನ್ನೇ ನಿಲ್ಲಿಸಿ, ಉಳಿದವರಿಗೆ ದಾರಿಯಿಂದಲೇ ಹಿಂದಿರುಗಿ ಎಂದಿದ್ದರು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವವಂತೂ 1970ರಲ್ಲಿ ಹೈನುಗಾರರೊಬ್ಬರ ಜಮೀನಿನಲ್ಲಿ ಶುರುವಾದದ್ದು. ಆಗ ಒಂದು ಪೌಂಡ್ ಕೊಟ್ಟು ಒಳಗೆ ಹೋದವರಿಗೆ ಅಲ್ಲಿಯ ಹಾಲು ಪುಕ್ಕಟೆ. ಈಗಲೂ ಕೆಲವು ವರ್ಷಗಳಿಗೊಮ್ಮೆ ನೆಲಕ್ಕೂ ದನಗಳಿಗೂ ವಿಶ್ರಾಂತಿ ಬೇಕೆಂದು ಉತ್ಸವವನ್ನೇ ಬಿಟ್ಟುಬಿಡುತ್ತಾರೆ. ಈ ಕೊನೆಯ ವಿಷಯ ಕೇಳಿದಾಗ ಮಾತ್ರ ಅಪ್ಪಯ್ಯ, ಇಡೀ ಪ್ರಕರಣದಲ್ಲಿ ಮೊದಲ ಬಾರಿಗೆ, ಆ ಕಡೆಯ ಜನರ ಬಗ್ಗೆ ಗೌರವದಿಂದ ತಲೆಯಾಡಿಸಿದ. ಉಳಿದಂತೆ, ವರ್ಷವಿಡೀ ಸೇರಿ 800 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯವರು ಮಳೆಯ ಬಗ್ಗೆ ಮಾತಾಡುವುದೇ ಅವನಿಗೆ ಅಧಿಕಪ್ರಸಂಗವೆನಿಸಿತು. ಅಷ್ಟು ಮಳೆ ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದುಹೋಗುವುದುಂಟು.

ನಮ್ಮ ಪ್ರಯಾಣದ ದಿನಾಂಕವನ್ನು ನಿರ್ಧರಿಸಿದ್ದು ನಾನಲ್ಲ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಅಡಿಕೆಯ ಕೊಳೆರೋಗ. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಲ, ಅಲ್ಲಿಂದ ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಂದು ಸಲ ಕೊಳೆ ಔಷಧಿ ಹೊಡೆಯಲೇಬೇಕು. ಉತ್ಸವ ಈ ಎರಡರ ನಡುವಿನ ಸಂದಿನಲ್ಲಿ ಬಿದ್ದದ್ದರಿಂದ ಮಾತ್ರ ನನಗೆ ಮನೆಯ ಅನುಮತಿ ಸಿಕ್ಕಿತ್ತು. ವೀಸಾದ ಅನುಮತಿ ಅದಕ್ಕಿಂತ ಸುಲಭವಾಗಿತ್ತೆಂದು ಹೇಳಬೇಕು, ಆದರೆ ಅದಕ್ಕೆ ದುಡ್ಡು ಬೇಕು. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ 90 ಯೂರೋ ಶುಲ್ಕ. ಅವರು ವೀಸಾ ಕೊಟ್ಟರೂ ಕೊಡದಿದ್ದರೂ, ನೀವು ಹೋದರೂ ಹೋಗದಿದ್ದರೂ ಅದು ಮರಳಿ ಬರುವುದಿಲ್ಲ. ಜೊತೆಗೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕಪತ್ರ, ಉಳಿಯುವ ಜಾಗದ ಬುಕಿಂಗ್, ಮತ್ತು ಊರಿಗೆ ಮರಳಿಯೇ ಮರಳುತ್ತೇವೆಂಬುದಕ್ಕೆ ಪುರಾವೆ. ಈ ಕೊನೆಯದಕ್ಕಾಗಿ ಭಾವ ತೋಟದ ಪಹಣಿ, ಸೊಸೈಟಿಯಲ್ಲಿ ರಾಶಿ ಅಡಿಕೆ ಮಾರಿದ ಚೀಟಿಗಳು, ಮನೆಯೆದುರು ತೆಗೆಸಿದ ಕುಟುಂಬದ ಫೋಟೋ ಎಲ್ಲವನ್ನೂ ಸೇರಿಸಿ, ದಪ್ಪ ಕಡತವೊಂದನ್ನು ಸಿದ್ಧಪಡಿಸಿ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದ. ಎರಡನೆಯ ಕೊಳೆ ಔಷಧಿಯ ತಾರೀಕನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರೆ ಸಾಕಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ಊರಿನ ಬೀಳ್ಕೊಡುಗೆಗೆ ಮಾತ್ರ ಶುಲ್ಕವಿರಲಿಲ್ಲ. ಅತ್ತೆಯೊಬ್ಬಳು ಮ್ಯೂನಿಕ್‌ನಲ್ಲಿರುವ ಮಗನಿಗೆಂದು ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯೊಂದನ್ನು ತಂದಳು. ಮೊದಲು ಪ್ಲಾಸ್ಟಿಕ್, ಅದರ ಮೇಲೆ ಹಳೆಯ ಪಂಚೆಯ ತುಂಡು, ಅದರ ಮೇಲೆ ಮತ್ತೆ ಪ್ಲಾಸ್ಟಿಕ್, ಕೊನೆಗೆ ಬಾಳೆನಾರಿನ ಕಟ್ಟು. ಇಷ್ಟಾದರೂ ಇಂಗಿನ ವಾಸನೆ ಸೂಟ್‌ಕೇಸಿನ ಬೀಗದ ಸಂದಿನಿಂದ ಹೊರಗೆ ಬರುತ್ತಿತ್ತು. ನಾವಿಳಿಯುವುದು ಹ್ಯಾಂಬರ್ಗ್‌ನಲ್ಲಿ, ಅಲ್ಲಿಂದ ಮ್ಯೂನಿಕ್‌ಗೆ ರಸ್ತೆಯಲ್ಲಿ ಹೋದರೆ 700 ಕಿಲೋಮೀಟರ್‌ಗೂ ಹೆಚ್ಚು ಎಂದು ನಾನು ವಿವರಿಸಿದ್ದಕ್ಕೆ ಅವಳು, “ಅಡ್ಡಿಲ್ಲೆ, ಹೋಗ್ತಾ ಕೊಟ್ಟಿಕ್ ಹೋಗು” ಎಂದಳು.

ರದ್ದತಿಯ ಇ-ಮೇಲ್ ಬಂದದ್ದು ಹೊರಡಲು ನಾಲ್ಕು ದಿನವಿದ್ದಾಗ. ಉತ್ಸವದವರು ಬಹಳ ಸಜ್ಜನರು. ವಿಷಾದ ವ್ಯಕ್ತಪಡಿಸಿದ್ದಲ್ಲದೆ, ನಾವು ಕೇಳುವ ಮೊದಲೇ ಟಿಕೆಟ್ಟಿನ ಹಣವನ್ನೂ ಡೇರೆಯ ಬಾಡಿಗೆಯನ್ನೂ ಹಿಂದಿರುಗಿಸಿದರು. ಆದರೆ ಇಂಥ ಪ್ರಯಾಣದಲ್ಲಿ ಟಿಕೆಟ್ಟಿನ ಹಣವೆಂಬುದು ಅತಿ ಸಣ್ಣ ಬಾಬ್ತು. ಅದಕ್ಕೆ ಜೋತುಬಿದ್ದ ಉಳಿದೆಲ್ಲವೂ ದೊಡ್ಡದು, ಮತ್ತು ಅದು ಯಾವುದೂ ರದ್ದಾಗಿರಲಿಲ್ಲ. ವಿಮಾನ ಹಾರಲು ಸಿದ್ಧವಾಗಿಯೇ ಇತ್ತು. ವಿಮಾನವೇ ರದ್ದಾದರೆ ಕಂಪನಿ ಹಣ ಕೊಡುತ್ತದೆ. ವಿಮಾನ ಹಾರುತ್ತದೆ, ಇಳಿದಮೇಲೆ ಮಾಡಲು ಕೆಲಸವಿಲ್ಲ ಎಂದರೆ ಅದು ಪ್ರಯಾಣಿಕನ ಖಾಸಗಿ ವಿಷಯ. ಡೇರೆಯೇ ಇಲ್ಲವಾದ ಮೇಲೆ ಹೋಗಿ ಉಳಿಯುವುದೆಲ್ಲಿ ಎಂದು ನೋಡಿದರೆ, ಬೇಸಿಗೆ ರಜೆಯ ಆ ದಿನಗಳಲ್ಲಿ ಅಲ್ಲಿಯ ಹೋಟೆಲ್ ದರ ನಮ್ಮ ಒಂದು ಕ್ವಿಂಟಲ್ ಚಾಲಿ ಅಡಿಕೆಯ ಧಾರಣೆಯನ್ನು ಲೀಲಾಜಾಲವಾಗಿ ನುಂಗುವಂತಿತ್ತು.

ಉಳಿದದ್ದು ವಿಮೆ. ಭಾವ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕುಳಿತು ಪಾಲಿಸಿಯನ್ನು ಗಟ್ಟಿಯಾಗಿ ಓದತೊಡಗಿದ. ವಿದೇಶದಲ್ಲಿ ಹಲ್ಲುನೋವು ಬಂದರೆ, ಸಾಮಾನು ಕಳೆದರೆ, ಪಾಸ್‌ಪೋರ್ಟ್ ಹೋದರೆ ಪರಿಹಾರವುಂಟು. ಹೋಗುವ ಮೊದಲೇ ಪ್ರಯಾಣ ನಿಲ್ಲಿಸಬೇಕಾದರೆ ಪ್ರಯಾಣಿಕನಿಗೆ ತೀವ್ರ ಕಾಯಿಲೆಯಾಗಿರಬೇಕು, ಇಲ್ಲವೇ ಸಮೀಪದ ಬಂಧು ತೀರಿಕೊಂಡಿರಬೇಕು. ಇಲ್ಲಿ ಭಾವ ಸ್ವಲ್ಪ ಹೊತ್ತು ಓದು ನಿಲ್ಲಿಸಿದ. ಒಳಗೆ ಮಲಗಿದ್ದ ತೊಂಬತ್ತು ದಾಟಿದ ಅಜ್ಜ, “ಯನ್ ಕಡೆ ನೋಡಡ” ಎಂದ.

ಅಜ್ಜನ ಕಿವಿ ಮಂದವೆಂದು ನಾವೆಲ್ಲ ನಂಬಿದ್ದೆವು.

ಇದೆಲ್ಲಕ್ಕಿಂತ ಕಠಿಣವಾದದ್ದು ಊರಿನೊಳಗೆ ರದ್ದತಿಯನ್ನು ಜಾರಿಗೆ ತರುವುದು. ಕಾರವಾರದ ಕರಾವಳಿ ಉತ್ಸವವೂ ನಡೆಯದೇ ಹೋದ ವರ್ಷಗಳುಂಟು. ಆಗ ಯಾರೂ ಯಾರನ್ನೂ ಸಮಾಧಾನಪಡಿಸಲು ಮನೆಗೆ ಬರಲಿಲ್ಲ. ಈಗ ಹಾಗಲ್ಲ. ಎರಡು ದಿನ ನಾನು ಮನೆಯಿಂದ ಹೊರಬೀಳಲಿಲ್ಲ. ಮೂರನೆಯ ದಿನ ಬಿಡ್ಕಿಬೈಲಿನ ತರಕಾರಿ ಅಂಗಡಿಯಲ್ಲಿ ಮೊಗೆಕಾಯಿ ಆರಿಸುತ್ತಿದ್ದಾಗ ಪರಿಚಯದ ಮೇಷ್ಟ್ರೊಬ್ಬರು ಹಿಂದಿನಿಂದ ಬಂದು, “ಅರೇ, ಯಾವಾಗ ಬಂದ್ಯೋ? ಹೇಗಿತ್ತು ಜರ್ಮನಿ?” ಎಂದರು. ಹೋಗಲೇ ಇಲ್ಲವೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ “ಮಳೆಯಂತೆ ಅಲ್ಲಿ?” ಎಂದು ಕೇಳಿದ್ದರಿಂದ, “ಬರೀ ಮಳೆ” ಎಂದೆ. “ಊಟಕ್ಕೆ ಕಷ್ಟವಾಗಿರಬೇಕು” ಎಂದರು. “ಅಪ್ಪೆಮಿಡಿ ಇತ್ತು” ಎಂದೆ. ಎರಡೂ ನಿಜವೇ. ಆದರೆ ಸಂಜೆಯೊಳಗೆ ಅತ್ತೆಯ ಫೋನ್ ಬಂತು. ನಾನು ಹೋಗಿಬಂದೆನೋ ಇಲ್ಲವೋ ಎಂಬ ವಿಚಾರದಲ್ಲಿ ಅವಳಿಗೆ ಆಸಕ್ತಿಯಿರಲಿಲ್ಲ, ಜಾಡಿಯ ಕಟ್ಟು ಬಿಚ್ಚಿದ್ದು ಯಾರೆಂಬುದಷ್ಟೇ ಅವಳಿಗೆ ಬೇಕಾಗಿತ್ತು.

ನಾನು ಮನೆಯಲ್ಲೇ ಉಳಿದೆನೆಂಬ ಧೈರ್ಯದಿಂದ ಅಪ್ಪಯ್ಯ ಎರಡನೆಯ ಔಷಧಿಯನ್ನು ವಾರ ಮುಂಚಿತವಾಗಿ ಇಟ್ಟುಕೊಂಡ. ಹೀಗಾಗಿ ವೇದಿಕೆಯೆದುರು ನಿಂತು ತಲೆದೂಗಬೇಕಿದ್ದ ನಾನೂ ಭಾವನೂ ತೋಟದ ತಲೆಬದಿಯಲ್ಲಿ ನಿಂತು ಬೋರ್ಡೋ ದ್ರಾವಣ ಕದಡಿದೆವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಪ್ಪಯ್ಯ ಕತ್ತಿಯ ಅಲಗನ್ನು ಆ ನೀಲಿ ನೀರಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ, ಬೆಳಕಿಗೆ ಹಿಡಿದು ನೋಡಿದ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. “ಸುಣ್ಣ ಸಾಲ” ಎಂದು ಇನ್ನೊಂದು ಹಿಡಿ ಹಾಕಿಸಿದ. ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಮೇಲೆ ನೆಲದ ಮೇಲೆ ನಿಂತೇ ಔಷಧಿ ಹೊಡೆಯುವವರಿದ್ದಾರೆ. ಅಡಿಕೆ ಮರ ಹತ್ತಿ ಗೊನೆ ಇಳಿಸುವ ನಮ್ಮ ಕೊನೆಗೌಡ ಮಾತ್ರ ಮರ ಹತ್ತಿಯೇ ಹೊಡೆಯುವ ಹಳೆಯ ಪದ್ಧತಿಯವ. ಮೇಲಿನಿಂದಲೇ ಅವನು ನಮ್ಮ ಜರ್ಮನಿಯ ಕತೆಯನ್ನು ವಿಚಾರಿಸಿದ. ಅಂಥ ಉತ್ಸವಕ್ಕೆ ಎಂಬತ್ತು ಸಾವಿರ ಜನ ಸೇರುವುದೂ ಉಂಟೆಂದು ಭಾವ ಕೂಗಿ ಹೇಳಿದಾಗ, “ಅಷ್ಟ್ ಜನಕ್ಕೆ ಊಟ ಯಾರ ಮನೀದು?” ಎಂಬ ಪ್ರಶ್ನೆ ಕೆಳಗಿಳಿದು ಬಂತು, ಅದರ ಹಿಂದೆಯೇ ಮಳೆಯೂ ಬಂತು.

ಮಳೆಯಲ್ಲಿ ಔಷಧಿ ಹೊಡೆದರೆ ಅದು ಅಡಿಕೆ ಗೊನೆಯ ಮೇಲೆ ನಿಲ್ಲದೆ ತೊಳೆದುಹೋಗುತ್ತದೆ. ಕೊನೆಗೌಡ ಸರಸರನೆ ಇಳಿದು, ಕಂಬಳಿಕೊಪ್ಪೆ ಹೊದ್ದು, ಲೆಕ್ಕ ಹೇಳಿದ. ಅವನ ನಿಯಮ ಬಹಳ ಸರಳ: ತೋಟಕ್ಕೆ ಬಂದಮೇಲೆ ಮಳೆ ಬಂದರೆ ಅರ್ಧ ಪಗಾರ, ಮರ ಹತ್ತಿದಮೇಲೆ ಬಂದರೆ ಪೂರ್ತಿ. ಅಪ್ಪಯ್ಯ ತುಟಿಪಿಟಕ್ಕೆನ್ನದೆ ಒಳಗೆ ಹೋಗಿ ಪೂರ್ತಿ ಪಗಾರ ತಂದುಕೊಟ್ಟು, ಹೊಳವಾದ ದಿನ ಬಾ ಎಂದ. ಭಾವನ ಕಣ್ಣು ಮಾತ್ರ ಇದ್ದಕ್ಕಿದ್ದಂತೆ ಬೆಳಗಿತು. ವೀಸಾ ಆಗಿ, ವಿಮೆಯಾಗಿ, ಸೂಟ್‌ಕೇಸ್ ತುಂಬಿದ ಮೇಲೆ ಮಳೆ ಬಂದದ್ದರಿಂದ ನಾವೂ ಮರ ಹತ್ತಿದ ಲೆಕ್ಕವೇ ಎಂದು ವಿಮಾನ ಕಂಪನಿಗೆ ಮತ್ತೊಂದು ಪತ್ರ ಬರೆಯುವುದೆಂದೂ, ಈ ಭಾಗದ ರೂಢಿಯನ್ನು ದೃಢಪಡಿಸಲು ಕೊನೆಗೌಡನನ್ನೇ ಸಾಕ್ಷಿಯಾಗಿ ಹೆಸರಿಸುವುದೆಂದೂ ಅವನು ಅಲ್ಲೇ ತೀರ್ಮಾನಿಸಿ, ಒಪ್ಪಿಗೆ ಕೇಳಿದ.

“ಬರೂಕೆ ಅಡ್ಡಿಲ್ಲ ಹೆಗಡೇರೆ,” ಎಂದ ಕೊನೆಗೌಡ, ನೋಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತ, “ಆ ದಿನದ ಪಗಾರ ಬೇರೆ.”