ಜೊತೆಗೆ ಬಂದೋರು ಆಚೆ ಇರಿ

ಖಾಲಿ ಬಿಟ್ರೆ ನಡೆಯತ್ತಂತೆ! ತಂದೆ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದ್ರೆ ಮುಗೀತು. ಅವಿವಾಹಿತ ತಾಯಿ ಅಫಿಡವಿಟ್ ಕೊಟ್ರೆ ಬರ್ತ್ ಸರ್ಟಿಫಿಕೇಟ್ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟು 2015ರಲ್ಲೇ ಹೇಳಿದೆ. ಒಳ್ಳೇದೇ ಆಯ್ತು, ಎಷ್ಟೋ ಹೆಣ್ಮಕ್ಕಳು ಉಸಿರಾಡಿದ್ರು. ಆದ್ರೆ ಆ ಅಡ್ಡಗೆರೆ ಇರೋ ಜಾಗದಲ್ಲಿ ನಾನಿದೀನಲ್ರೀ! ರಾತ್ರಿ ಜ್ವರ ಬಂದ್ರೆ ಹಣೆಗೆ ಒದ್ದೆ ಬಟ್ಟೆ ಹಾಕೋಳು ನಾನು.

ಇವತ್ತು ಆ ಸ್ಕೂಲಿನ ಆಫೀಸಲ್ಲಿ ನಮ್ಮ ಪುಟ್ಟಿ ನನ್ನ ತೊಡೆ ಮೇಲೇ ಕೂತಿದ್ಲು, ಪಕ್ಕದಲ್ಲಿ ಅವಳನ್ನ ಹೆತ್ತ ನನ್ನ ಸಂಗಾತಿ, ಇವಳು. ಆ ಮೇಡಂ ಸರ್ಟಿಫಿಕೇಟ್ ನೋಡಿದ್ರು, ಇವಳನ್ನ ನೋಡಿದ್ರು, ಆಮೇಲೆ ನನ್ನನ್ನ. "ನೀವು ಮಗೂಗೆ ಏನಾಗ್ಬೇಕು?" ನಾನು ಬಾಯಿ ತೆಗೆಯೋ ಮೊದ್ಲೇ ಇವಳು "ಫ್ರೆಂಡು" ಅಂದುಬಿಟ್ಲು. ಸೀಟು ಸಿಗ್ಲಿ ಅಂತ ಅಂದಿದ್ದು, ಗೊತ್ತು. ಆದ್ರೂ. "ಹಾಗಾದ್ರೆ ಜೊತೆಗೆ ಬಂದೋರು ಆಚೆ ಇರಿ." ಪುಟ್ಟಿ ನನ್ನ ದುಪಟ್ಟಾ ಬಿಡ್ಲಿಲ್ಲ. ಬೆರಳು ಒಂದೊಂದೇ ಬಿಡಿಸಿ, ಇವಳ ಮಡಿಲಿಗೆ ಕೂರಿಸಿ, ನೀರಿನ ಬಾಟ್ಲು ಹಿಡ್ಕೊಂಡು ಎದ್ದು ಬಂದೆ. ಆಚೆ ಸೆಕ್ಯುರಿಟಿಯವ್ರು ಪಾಪ ಮರ್ಯಾದೆಯಿಂದ್ಲೇ "ಆಯಾಗಳಿಗೆ ಅಲ್ಲಿ ಬೆಂಚಿದೆಯಮ್ಮ" ಅಂದ್ರು.

ಹೋಗಿ ಕೂತೆ ಕಣ್ರೀ! ಪಕ್ಕದಲ್ಲಿದ್ದಾಕೆ "ನಿಮ್ಮನೇಲಿ ಎಷ್ಟು ಕೊಡ್ತಾರಕ್ಕ?" ಅಂತ ಕೇಳಿದ್ಲು. ಅರ್ಧ ಫೀಸು ನಾನೇ ಕಟ್ಟೋ ಕೆಲಸ ಇದು ತಾಯಿ, ಏನು ಹೇಳ್ಲಿ ನಿಂಗೆ?

ಆ ಮೇಡಂ ಮೇಲೆ ಸಿಟ್ಟಿಲ್ಲ. ಸುಳ್ಳು, ಮೈಯೆಲ್ಲಾ ಉರೀತಿದೆ. ಕಾಗದದಲ್ಲಿ ಇದ್ದದ್ದನ್ನ ಓದಿದ್ರು, ಬಿಡಿ, ಅವರೇನು ಮಾಡ್ತಾರೆ.

ದತ್ತು ತಗೊಳ್ಳಿ ಅಂತೀರಾ? 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ಆಗಲ್ಲ ಅಂದ್ರು. ನಮ್ಮಂಥ ಸಲಿಂಗಿ ಜೋಡಿಗಳಿಗೆ ಮದುವೆಯೂ ಇಲ್ಲ, ಜೋಡಿಯಾಗಿ ದತ್ತೂ ಇಲ್ಲ. ಕೋಳಿಕ್ಕೋಡಿನ ಟ್ರಾನ್ಸ್ ದಂಪತಿಯ ಮಗುವಿಗೆ ತಂದೆ, ತಾಯಿ ಎರಡೂ ತೆಗೆದು 'ಪೋಷಕರು' ಅಂತ ಬರೆದುಕೊಡಿ ಅಂತ ಕೇರಳ ಹೈಕೋರ್ಟು 2025ರಲ್ಲಿ ಹೇಳಿತಲ್ಲ, ಭೂಮಿ ಬಾಯಿಬಿಡ್ತಾ? ಅದೂ ಅವರು ಕೋರ್ಟು ಹತ್ತಿದ್ದಕ್ಕೆ. ಸ್ಕೂಲ್ ಫೀಸು ಹೊಂದಿಸೋದ್ರಲ್ಲೇ ಸಾಕಾಗಿದೆ, ವಕೀಲರಿಗೆ ಎಲ್ಲಿಂದ ತರೋದು?

ನಾಳೆ ಇವಳಿಗೇನಾದ್ರೂ ಆಗಿ, ಇವಳಣ್ಣ ಬಂದು ಪುಟ್ಟೀನ ಕರ್ಕೊಂಡು ಹೊರಟ್ರೆ ನಾನು ಯಾವ ಕಾಗದ ತೋರಿಸ್ಲಿ? ಯಾರಾದ್ರೂ ಹೇಳಿ. ಲಾ ಓದಿದೋರು ಹೇಳಿ, ಓದದೇ ಇದ್ದೋರೂ ಹೇಳಿ. 'ಸಮಾಜ ಇನ್ನೂ ರೆಡಿ ಇಲ್ಲ' ಅನ್ನೋರು ಮಾತ್ರ ದಯವಿಟ್ಟು ಬರಬೇಡಿ.

ಸೀಟು ಸಿಕ್ತು, ಅಂದ ಹಾಗೆ. ಸೋಮವಾರದಿಂದ ಕ್ಲಾಸು. ಮಧ್ಯಾಹ್ನ ಕರ್ಕೊಂಡು ಬರೋಕೆ ಹೋಗೋದು ನಾನೇ. ಪಿಕಪ್ ಕಾರ್ಡಲ್ಲಿ ಏನು ಬೇಕಾದ್ರೂ ಬರ್ಕೊಳ್ಳಲಿ.