ತೋಟದ ಬೇಲಿಯಾಚೆಗಿನ ಲೆಕ್ಕ

ಮಲೆನಾಡಿನ ಹಳೆಯ ಅಡಿಕೆ ತೋಟವನ್ನು ತೋರಿಸಿ, ಯೂರಿಯಾ ಚೀಲವನ್ನೇ ಕಾಣದೆ ತಲೆಮಾರುಗಳಿಂದ ಬಾಳಿದ ಸುಸ್ಥಿರ ಕೃಷಿ ಇದು ಎಂದು ಹೊಗಳುವವರು ಬೇಲಿಯ ಆಚೆಗೆ ಕಣ್ಣು ಹಾಯಿಸುವುದು ಕಡಿಮೆ. ಆ ತೋಟಕ್ಕೆ ಬಿದ್ದ ಹಸಿಸೊಪ್ಪು, ದರಗುಗಳೆಲ್ಲ (ಒಣಗಿ ಉದುರಿದ ಎಲೆಗಳು) ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನಿಂದ, ಇಳಿದು ಬಂದವು. ಪಕ್ಕದ ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತನ್ನು ಬ್ರಿಟಿಷರ ಕಾಲದಲ್ಲೇ ಕೊಡಲಾಗಿತ್ತು. ನಮ್ಮ ಸಾಗರ, ಹೊಸನಗರದ ಸೊಪ್ಪಿನ ಬೆಟ್ಟಗಳ ತಿರುಳೂ ಅದೇ: ಒಂದು ಎಕರೆಯ ಫಲವತ್ತತೆಯನ್ನು ಹಲವು ಎಕರೆ ಕಾಡು ಹೊತ್ತಿತ್ತು. ಎಲ್ಲರೂ ಹೀಗೆಯೇ ಬೆಳೆಯಲಿ ಎನ್ನುವವರು ಅಷ್ಟು ಬೆಟ್ಟವನ್ನು ಎಲ್ಲಿಂದ ತರುವುದೆಂದೂ ಹೇಳಬೇಕಾಗುತ್ತದೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತೂ ಇದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಸಾವಯವ ನಿಯಮಗಳೂ ಇದನ್ನು ಮಿತಿಯೊಳಗೆ ಒಪ್ಪುತ್ತವೆ. ಆದರೆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ವರ್ಷ ವರ್ಷವೂ ಮಣ್ಣಿನಲ್ಲಿ ಕೂಡುತ್ತಲೇ ಇರುತ್ತದೆ.

ಹಾಗೆಂದು ಹಳೆಯ ಕ್ರಮವನ್ನು ನಾನು ಹಳಿಯುತ್ತಿಲ್ಲ. ಅದರಲ್ಲಿ ನಿಜವಾಗಿ ಗಟ್ಟಿಯಾಗಿದ್ದದ್ದು ತೋಟವಲ್ಲ, ಗದ್ದೆ, ಕೊಟ್ಟಿಗೆ, ತೋಟಗಳ ನಡುವಿನ ಕೊಂಡಿ. ಭತ್ತದ ಹುಲ್ಲು ನಮ್ಮ ಕುಳ್ಳ ನಾಟಿ ದನ ಮಲೆನಾಡು ಗಿಡ್ಡಕ್ಕೆ, ಅದರ ಸಗಣಿ ಸೊಪ್ಪಿನೊಡನೆ ಗೊಬ್ಬರವಾಗಿ ತೋಟಕ್ಕೆ. ಅಡಿಕೆಯ ಧಾರಣೆ ಏರಿದಂತೆ ನಾವು (ನಮ್ಮ ಮನೆಯವರೂ ಸೇರಿ) ಗದ್ದೆಗೆ ಬಸಿಗಾಲುವೆ ತೆಗೆದು ಅಡಿಕೆ ಸಸಿ ನೆಟ್ಟೆವು. ಗದ್ದೆ ಹೋದ ಮೇಲೆ ಹುಲ್ಲಿಲ್ಲ, ಹುಲ್ಲಿಲ್ಲದ ಮೇಲೆ ದನವಿಲ್ಲ, ದನವಿಲ್ಲದ ತೋಟಕ್ಕೆ ಈಗ ಗೊಬ್ಬರ ಲಾರಿಯಲ್ಲಿ ಬರುತ್ತದೆ, ಊಟದ ಅಕ್ಕಿಯೂ ಅಂಗಡಿಯಿಂದಲೇ. ಬೆಳೆದದ್ದಾದರೂ ಹೊಟ್ಟೆಗೆ ಹಾಕುವ ವಸ್ತುವಲ್ಲ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದನ್ನು ನಮ್ಮೂರಿನಲ್ಲಿ ಗಟ್ಟಿಯಾಗಿ ಹೇಳುವುದು ಕಷ್ಟ.

ಊಟದ ಆಯ್ಕೆಯ ಚರ್ಚೆಯಲ್ಲೂ ಹೆಸರಿಗೇ ಬೆಲೆ. ಪರಿಸರದ ಮೇಲೆ ಗೋಮಾಂಸಕ್ಕಿಂತ ಕೋಳಿಯ ಹೊರೆ ಬಹಳ ಕಡಿಮೆ ಎಂಬುದು ಒಟ್ಟಾರೆ ನಿಜ, ಬೇಳೆಕಾಳಿನದು ಇನ್ನೂ ಕಡಿಮೆ. ಆದರೆ ಅನ್ನ ತಿನ್ನುವವರು ನಿಶ್ಚಿಂತರಾಗಿರುವಂತಿಲ್ಲ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದೆ ಹುಟ್ಟುವ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ನಡುನಡುವೆ ನೀರು ಬಸಿದು ಗದ್ದೆಯನ್ನು ಆರಿಸಿದರೆ ಅದು ತಗ್ಗುತ್ತದೆ. ಭದ್ರಾ ನಾಲೆಯ ಕೆಳಗೆ ಇದನ್ನು ಮಾಡಬಹುದು, ಆಗುಂಬೆಯ ಆಷಾಢದಲ್ಲಿ ಗದ್ದೆ ಆರಿಸುವವರು ಯಾರು? ದಿನಕ್ಕೆ ಒಂದೆರಡು ಲೀಟರ್ ಕರೆಯುವ ಗಿಡ್ಡವೂ ಹಾಗೆಯೇ. ಹಾಲಿನ ಲೀಟರಿಗೆ ಭಾಗಿಸಿದರೆ ಹೆಚ್ಚು ಹಾಲಿನ ವಿದೇಶಿ ತಳಿಯಾದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿಗಿಂತ ಅದರ ಮೀಥೇನ್ ಹೆಚ್ಚಾಗಿ ಕಾಣುತ್ತದೆ, ಆದರೆ ಅದು ಬೆಟ್ಟದಲ್ಲಿ ಮೇಯುತ್ತದೆ, ಅದನ್ನು ಸಾಕಿದ್ದೂ ಸಗಣಿಗಾಗಿ. ಎಚ್‌ಎಫ್‌ನ ಹಿಂಡಿಯೂ ಕೋಳಿಯ ಮೆಕ್ಕೆಜೋಳವೂ ಬಯಲುಸೀಮೆಯ ಯಾರದೋ ಹೊಲದಿಂದ ಬರುತ್ತವೆ.

ರಾಸಾಯನಿಕವನ್ನು ಒಂದೇ ಆದೇಶದಿಂದ ನಿಲ್ಲಿಸುವುದೂ ದಾರಿಯಲ್ಲ. 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿ, ಕೆಲವೇ ತಿಂಗಳಲ್ಲಿ ಹಿಂದೆಗೆಯಬೇಕಾಯಿತು.

ನಮ್ಮಲ್ಲಿ ಉಳಿದಿರುವ ಮುಕ್ಕಾಲು ಎಕರೆ ಮಕ್ಕಿಗದ್ದೆಗೂ (ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆ) ಅಡಿಕೆ ಸಸಿ ತರುವ ಮಾತು ಮನೆಯಲ್ಲಿ ನಡೆದಿದೆ. ಭತ್ತದಲ್ಲಿ ಕೂಲಿಯೂ ಹುಟ್ಟುವುದಿಲ್ಲ ಎಂಬ ತಮ್ಮನ ಲೆಕ್ಕ ತಪ್ಪಲ್ಲ. ಹುಲ್ಲನ್ನೂ ಸಗಣಿಯನ್ನೂ ಸೇರಿಸಿ ಇನ್ನೊಮ್ಮೆ ಕೂಡು ಎಂದಷ್ಟೇ ಕೇಳಿದ್ದೇನೆ.